ತಣ್ಣೀರಿನ ಕಡಲಿಗೆ ಕಯಾಕ್ ಇಳಿಸುವ ಮುನ್ನ: ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ವಸಂತದ ಸಿದ್ಧತೆ

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಸಮುದ್ರ ಕಯಾಕಿಂಗ್ ಮಾಡುವವರು ಏಪ್ರಿಲ್ ಮತ್ತು ಮೇ ತಿಂಗಳುಗಳಿಗಾಗಿ ಚಳಿಗಾಲವಿಡೀ ಕಾಯುತ್ತಾರೆ. ಹಗಲು ಉದ್ದವಾಗಿರುತ್ತದೆ, ಮಳೆ ಇಳಿಮುಖವಾಗಿರುತ್ತದೆ, ಬೇಸಿಗೆಯಲ್ಲಿ ದಡದ ಮೇಲೆ ಕೂರಲು ಬಿಡದೆ ಕಾಡುವ ಮಿಡ್ಜ್ ಎಂಬ ಕಡಿಯುವ ನುಸಿಗಳು ಇನ್ನೂ ಹೆಚ್ಚಾಗಿ ಹೊರಬಿದ್ದಿರುವುದಿಲ್ಲ. ಆದರೆ ಗಾಳಿ ಬೆಚ್ಚಗಾದ ಮಾತ್ರಕ್ಕೆ ನೀರು ಬೆಚ್ಚಗಾಗಿರುವುದಿಲ್ಲ. ಅಲ್ಲಿನ ಸಮುದ್ರದ ಮೇಲ್ಮೈ ವರ್ಷದ ಅತ್ಯಂತ ತಣ್ಣನೆಯ ಹಂತಕ್ಕೆ ಇಳಿಯುವುದೇ ಫೆಬ್ರವರಿ ಕೊನೆ ಮತ್ತು ಮಾರ್ಚ್ ತಿಂಗಳಲ್ಲಿ. ಆಗ ಅದು ಸುಮಾರು 7 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಏಪ್ರಿಲ್ ಮುಗಿಯುವ ಹೊತ್ತಿಗೂ 9 ಡಿಗ್ರಿಯ ಆಸುಪಾಸಿನಲ್ಲೇ ಇದ್ದು, ನಿಧಾನವಾಗಿ ಏರುತ್ತಾ ಆಗಸ್ಟ್ ತಿಂಗಳಲ್ಲಿ 13–14 ಡಿಗ್ರಿಯನ್ನು ಮುಟ್ಟುತ್ತದೆ. ಅಂದರೆ ದಡದ ಮೇಲೆ ಜನರು ತೋಳಿಲ್ಲದ ಅಂಗಿಯಲ್ಲಿ ಬಿಸಿಲು ಕಾಯಿಸುತ್ತಿರುವ ದಿನದಲ್ಲಿ ನೀರು ಇನ್ನೂ ಚಳಿಗಾಲದಲ್ಲೇ ಇರುತ್ತದೆ. ಋತುವಿನ ಸಿದ್ಧತೆಯ ಪ್ರತಿಯೊಂದು ತೀರ್ಮಾನವೂ, ಉಡುಪಿನಿಂದ ಹಿಡಿದು ಮೊದಲ ಪ್ರವಾಸದ ದಾರಿಯವರೆಗೆ, ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡೇ ಆಗಬೇಕು.

ಕರ್ನಾಟಕದ ಕರಾವಳಿಯಲ್ಲಿ ಬೆಳೆದು ಈಗ ಗ್ಲಾಸ್ಗೋ, ಎಡಿನ್‌ಬರೋ ಅಥವಾ ಅಬರ್ಡೀನ್‌ನಲ್ಲಿ ನೆಲೆಸಿರುವವರು ಈ ವಿಷಯದಲ್ಲಿ ಇನ್ನಷ್ಟು ಎಚ್ಚರ ವಹಿಸಬೇಕೆಂದು ನನಗೆ ಅನ್ನಿಸುತ್ತದೆ. ಕಾರವಾರ, ಮಲ್ಪೆಗಳ ಸಮುದ್ರ ವರ್ಷದ ಹೆಚ್ಚಿನ ಕಾಲ 27ರಿಂದ 30 ಡಿಗ್ರಿಯವರೆಗೆ ಇರುತ್ತದೆ. ಅಲ್ಲಿ ಕಡಲಿನ ಅಪಾಯ ಮಳೆಗಾಲದ ಅಬ್ಬರದೊಂದಿಗೆ ಬರುತ್ತದೆ, ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳಿಸುತ್ತದೆ. ಜೂನ್ ಮತ್ತು ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಯೇ ನಿಷೇಧದಲ್ಲಿರುತ್ತದೆ. ಸ್ಕಾಟ್ಲೆಂಡಿನಲ್ಲಿ ಅಪಾಯವು ಕನ್ನಡಿಯಷ್ಟು ಶಾಂತವಾದ ನೀರಿನಲ್ಲಿಯೂ ಅಷ್ಟೇ ಪ್ರಮಾಣದಲ್ಲಿ ಇರುತ್ತದೆ, ಮತ್ತು ಅದನ್ನು ನೋಡಿ ಗುರುತಿಸಲು ಆಗುವುದಿಲ್ಲ. ಚೆನ್ನಾಗಿ ಈಜಬಲ್ಲೆ ಎಂಬ ನಂಬಿಕೆ ಮೊದಲ ಕೆಲವು ನಿಮಿಷಗಳಲ್ಲಿ ಏನೂ ಉಪಯೋಗಕ್ಕೆ ಬಾರದು.

ತಣ್ಣೀರು ದೇಹಕ್ಕೆ ಏನು ಮಾಡುತ್ತದೆ

ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ಪ್ರಚಾರಕ್ಕೆ ತಂದ ಒಂದು ಸೂತ್ರವನ್ನು ಕಯಾಕ್ ಹತ್ತುವ ಪ್ರತಿಯೊಬ್ಬರೂ ನೆನಪಿನಲ್ಲಿಡಬೇಕು: 1 ನಿಮಿಷ, 10 ನಿಮಿಷ, 1 ಗಂಟೆ. ತಣ್ಣನೆಯ ನೀರಿಗೆ ಬಿದ್ದ ಮೊದಲ ನಿಮಿಷದಲ್ಲಿ ಉಸಿರು ನಮ್ಮ ಹಿಡಿತದಲ್ಲಿರುವುದಿಲ್ಲ. ಚರ್ಮ ಒಮ್ಮೆಲೇ ತಂಪಾಗುವುದರಿಂದ ಬಾಯಿ ತಾನಾಗಿಯೇ ತೆರೆದು ಏದುಸಿರು ಬರುತ್ತದೆ, ಹೃದಯದ ಬಡಿತ ಮತ್ತು ರಕ್ತದೊತ್ತಡ ಏರುತ್ತವೆ. ಆ ಕ್ಷಣದಲ್ಲಿ ಮುಖ ನೀರಿನೊಳಗಿದ್ದರೆ ಒಂದೇ ಉಸಿರಿನಲ್ಲಿ ನೀರು ಶ್ವಾಸಕೋಶಕ್ಕೆ ಹೋಗಬಹುದು. ನಂತರದ ಸುಮಾರು 10 ನಿಮಿಷಗಳಲ್ಲಿ ಕೈಕಾಲುಗಳು ಹೇಳಿದ ಮಾತು ಕೇಳುತ್ತವೆ. ಅದಾದ ಮೇಲೆ ನರಗಳೂ ಸ್ನಾಯುಗಳೂ ತಣ್ಣಗಾಗಿ ಬೆರಳುಗಳು ಜಡವಾಗುತ್ತವೆ, ಬಕಲ್ ಹಾಕುವುದಾಗಲಿ ರೇಡಿಯೋದ ಗುಂಡಿ ಒತ್ತುವುದಾಗಲಿ ಆಗುವುದಿಲ್ಲ. ದೇಹದ ಒಳಗಿನ ಉಷ್ಣತೆ ಕುಸಿದು ಪ್ರಜ್ಞೆ ತಪ್ಪಲು ಸಾಮಾನ್ಯವಾಗಿ 1 ಗಂಟೆಯಷ್ಟು ಕಾಲ ಹಿಡಿಯುತ್ತದೆ. ತಣ್ಣೀರಿನ ಸಾವು ಎಂದರೆ ನಿಧಾನವಾಗಿ ಹೆಪ್ಪುಗಟ್ಟಿ ಸಾಯುವುದು ಎಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಬಹಳಷ್ಟು ಜನರು ಆ ಹಂತಕ್ಕೆ ಬರುವ ಮೊದಲೇ, ಉಸಿರು ಕೆಟ್ಟು ಅಥವಾ ಕೈ ಸೋತು ಮುಳುಗುತ್ತಾರೆ.

ಈ ಮೂರು ಅಂಕಿಗಳೂ ಸರಾಸರಿಯ ಮಾತು. ನೀರಿನ ಉಷ್ಣತೆ, ತೊಟ್ಟ ಬಟ್ಟೆ, ದೇಹದ ಗಾತ್ರ ಇವುಗಳ ಮೇಲೆ ಅವು ಹಿಗ್ಗುತ್ತವೆ, ಕುಗ್ಗುತ್ತವೆ. ಆದರೂ ಸಿದ್ಧತೆಗೆ ಇದಕ್ಕಿಂತ ಉತ್ತಮವಾದ ಅಳತೆಗೋಲು ನನಗೆ ತಿಳಿದಿಲ್ಲ. ಯಾವುದೇ ಸಲಕರಣೆಯನ್ನು ಕೈಗೆತ್ತಿಕೊಂಡಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಮೊದಲ ನಿಮಿಷದಲ್ಲಿ ನನ್ನ ಮುಖವನ್ನು ನೀರಿನ ಮೇಲೆ ಇಡುತ್ತದೆಯೇ, ಅಥವಾ ಕೈಗಳು ಕೆಲಸ ಮಾಡುವ ಆ 10 ನಿಮಿಷಗಳೊಳಗೆ ನನ್ನನ್ನು ಮತ್ತೆ ದೋಣಿಯೊಳಕ್ಕೆ ಸೇರಿಸಲು ನೆರವಾಗುತ್ತದೆಯೇ? ಎರಡಕ್ಕೂ ಒದಗದ ಸಲಕರಣೆ ಸುಖಕ್ಕಾಗಿ ಇರಬಹುದು, ಆದರೆ ಸಿದ್ಧತೆಯ ಪಟ್ಟಿಯಲ್ಲಿ ಅದರ ಸ್ಥಾನ ಕೆಳಗೆ.

ಹೃದ್ರೋಗ, ಅಧಿಕ ರಕ್ತದೊತ್ತಡ ಅಥವಾ ಆಸ್ತಮಾ ಇರುವವರು ಋತು ಆರಂಭಿಸುವ ಮೊದಲು ತಮ್ಮ ವೈದ್ಯರೊಂದಿಗೆ ಈ ವಿಷಯವನ್ನು ಬಿಚ್ಚಿ ಮಾತಾಡಬೇಕು. ಕಯಾಕ್ ಹುಟ್ಟುಹಾಕುವ ಶ್ರಮವನ್ನು ತಡೆದುಕೊಳ್ಳಬಲ್ಲ ಹೃದಯವು ತಣ್ಣೀರಿನ ಹಠಾತ್ ಹೊಡೆತವನ್ನೂ ತಡೆದುಕೊಳ್ಳುತ್ತದೆ ಎಂದು ಹೇಳಲಾಗದು.

ಉಡುಪು

ಕೆಲಸವನ್ನು ಫೆಬ್ರವರಿಯಲ್ಲಿ ಉಡುಪಿನಿಂದಲೇ ಆರಂಭಿಸುವುದು ಒಳ್ಳೆಯದು, ಏಕೆಂದರೆ ದುರಸ್ತಿಗೆ ಕಳಿಸಬೇಕಾಗಿ ಬಂದರೆ ವಾರಗಟ್ಟಲೆ ಹಿಡಿಯುತ್ತದೆ, ಮಾರ್ಚ್ ಕೊನೆಗೆ ಎಲ್ಲರೂ ಒಟ್ಟಿಗೇ ಕಳಿಸುತ್ತಾರೆ. 7–9 ಡಿಗ್ರಿಯ ನೀರಿಗೆ, ಕುತ್ತಿಗೆಯಿಂದ ಪಾದದವರೆಗೆ ನೀರು ಒಳಗೆ ಬರದಂತೆ ತಡೆಯುವ ಡ್ರೈಸೂಟ್ ಸರಿಯಾದ ಆಯ್ಕೆ. ಬೆಲೆ ಹೆಚ್ಚು ಎಂಬುದು ನಿಜ. ಆದರೆ ಹಣ ಸೀಮಿತವಾಗಿದ್ದರೆ ಹಳೆಯ ಪ್ಲಾಸ್ಟಿಕ್ ಕಯಾಕ್ ಕೊಂಡು ಉಳಿದ ಹಣವನ್ನು ಡ್ರೈಸೂಟ್‌ಗೆ ಹಾಕಿ ಎಂದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ. ಕಯಾಕ್ ಮೂಲತಃ ಉತ್ತರ ಧ್ರುವ ಪ್ರದೇಶದ ಇನ್ಯೂಟ್ ಮತ್ತು ಇತರ ಸಮುದಾಯಗಳ ದೋಣಿ. ಗ್ರೀನ್‌ಲ್ಯಾಂಡಿನ ಬೇಟೆಗಾರರು ಸೀಲ್ ಚರ್ಮದ ತುಯಿಲಿಕ್ ಎಂಬ ಅಂಗಿಯನ್ನು ತೊಟ್ಟು, ಅದರ ಕೆಳ ಅಂಚನ್ನು ದೋಣಿಯ ಬಾಯಿಗೆ ಬಿಗಿದು, ಮುಖ ಮತ್ತು ಮಣಿಕಟ್ಟಿನ ಸುತ್ತಲೂ ದಾರದಿಂದ ಕಟ್ಟಿಕೊಳ್ಳುತ್ತಿದ್ದರು. ದೋಣಿಯೂ ಉಡುಪೂ ಅವರಿಗೆ ಒಂದೇ ಸಾಧನದ ಎರಡು ಭಾಗಗಳಾಗಿದ್ದವು. ಉಡುಪಿಲ್ಲದ ದೋಣಿ ಅರ್ಧ ದೋಣಿ ಎಂಬ ತಿಳಿವಳಿಕೆ ಅಷ್ಟು ಹಳೆಯದು.

ಡ್ರೈಸೂಟ್‌ನ ಜೀವ ಇರುವುದು ಅದರ ಕುತ್ತಿಗೆ ಮತ್ತು ಮಣಿಕಟ್ಟಿನ ಲೇಟೆಕ್ಸ್ ಪಟ್ಟಿಗಳಲ್ಲಿ ಹಾಗೂ ಜಿಪ್‌ನಲ್ಲಿ. ಲೇಟೆಕ್ಸ್ ಬಿಸಿಲಿಗೆ, ಬೆವರಿಗೆ, ಸನ್‌ಸ್ಕ್ರೀನ್ ಮತ್ತು ನುಸಿ ಓಡಿಸುವ ಮುಲಾಮಿಗೆ ಹಾಳಾಗುತ್ತದೆ. ಪಟ್ಟಿಯನ್ನು ಬೆಳಕಿಗೆ ಹಿಡಿದು ಮೃದುವಾಗಿ ಹಿಗ್ಗಿಸಿ ನೋಡಬೇಕು; ಅಂಚಿನಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡರೆ ಅಥವಾ ರಬ್ಬರು ಅಂಟಂಟಾಗಿದ್ದರೆ ಪಟ್ಟಿಯನ್ನು ಬದಲಿಸಲೇಬೇಕು. ಇನ್ನೊಂದು ಪ್ರವಾಸಕ್ಕೆ ಸಾಕಾಗಬಹುದು ಎಂದುಕೊಂಡ ಪಟ್ಟಿ ಹರಿಯುವುದು ಸಾಮಾನ್ಯವಾಗಿ ಅವಸರದಲ್ಲಿ ತೊಟ್ಟುಕೊಳ್ಳುವ ಹೊತ್ತಿನಲ್ಲಿ, ಮನೆಯಿಂದ ನೂರಾರು ಕಿಲೋಮೀಟರ್ ದೂರದ ದಡದಲ್ಲಿ. ಚೆನ್ನಾಗಿರುವ ಪಟ್ಟಿಗೆ ಸುವಾಸನೆ ಬೆರೆಸದ ಟಾಲ್ಕ್ ಪುಡಿ ಸವರಿಡಬೇಕು. ಲೋಹದ ಜಿಪ್‌ನ ಹಲ್ಲುಗಳ ಹೊರಭಾಗಕ್ಕೆ ಜೇನುಮೇಣ ಅಥವಾ ಪ್ಯಾರಾಫಿನ್ ಮೇಣ ಉಜ್ಜಬೇಕು. ಪ್ಲಾಸ್ಟಿಕ್ ಜಿಪ್ ಆಗಿದ್ದರೆ ಅದು ಮುಚ್ಚಿಕೊಂಡು ನಿಲ್ಲುವ ತುದಿಗೆ ಸ್ವಲ್ಪ ಸಿಲಿಕೋನ್ ಗ್ರೀಸ್ ಸಾಕು.

ಸೋರಿಕೆಯನ್ನು ಮನೆಯಲ್ಲೇ ಪತ್ತೆ ಹಚ್ಚಬಹುದು. ಎರಡು ಮಣಿಕಟ್ಟಿನ ಪಟ್ಟಿಗಳೊಳಗೆ ಸಣ್ಣ ಬಾಟಲಿಗಳನ್ನೂ ಕುತ್ತಿಗೆಯ ಪಟ್ಟಿಯೊಳಗೆ ದೊಡ್ಡ ಡಬ್ಬಿಯನ್ನೂ ತೂರಿಸಿ, ಜಿಪ್ ಪೂರ್ತಿ ಎಳೆಯುವ ಮೊದಲು ಸೂಟ್‌ನೊಳಗೆ ಗಾಳಿ ತುಂಬಿ, ಮುಚ್ಚಿ, ಹೊಲಿಗೆಗಳ ಮೇಲೂ ಮಂಡಿ, ಕುಂಡೆ, ಕಾಲ್ಚೀಲದ ಭಾಗಗಳ ಮೇಲೂ ಸೋಪಿನ ನೀರು ಸವರಿದರೆ ತೂತಿದ್ದ ಕಡೆ ಗುಳ್ಳೆಗಳು ಏಳುತ್ತವೆ. ಅಲ್ಲಿ ಪೆನ್ಸಿಲ್‌ನಿಂದ ಗುರುತು ಮಾಡಿ, ಒಣಗಿದ ಮೇಲೆ ತೇಪೆ ಹಾಕಬೇಕು.

ಡ್ರೈಸೂಟ್ ನೀರನ್ನು ತಡೆಯುತ್ತದೆಯೇ ಹೊರತು ಬಿಸಿಯನ್ನು ಕೊಡುವುದಿಲ್ಲ ಎಂಬುದು ಹೊಸಬರು ಮರೆಯುವ ಮುಖ್ಯ ಸಂಗತಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ಸುಲಭವಾಗಿ ಶಾಖವನ್ನು ಸಾಗಿಸುತ್ತದೆ. ತೆಳುವಾದ ಸೂಟ್‌ನ ಒಳಗೆ ಬರಿಯ ಬನಿಯನ್ ಇದ್ದರೆ ಮೈ ಒಣಗಿಯೇ ಇದ್ದರೂ ಬೇಗನೆ ತಣ್ಣಗಾಗುತ್ತದೆ. ಮೈಗೆ ತಾಗುವಂತೆ ತೆಳ್ಳನೆಯ ಉಣ್ಣೆಯ ಅಥವಾ ಸಿಂಥೆಟಿಕ್ ಬಟ್ಟೆ, ಅದರ ಮೇಲೆ ಫ್ಲೀಸ್, ಹೀಗೆ ಎರಡು ಪದರ ಬೇಕು. ಹತ್ತಿಬಟ್ಟೆ ಬೇಡ, ಬೆವರಿಗೆ ಒದ್ದೆಯಾದ ಹತ್ತಿ ಮತ್ತೆ ಒಣಗುವುದಿಲ್ಲ. ಬಿಸಿಲಿನ ದಿನ ಹುಟ್ಟುಹಾಕುವಾಗ ಸೆಕೆಯಾಗುತ್ತದೆ, ಒಂದು ಪದರ ತೆಗೆದುಬಿಡೋಣ ಎನ್ನಿಸುತ್ತದೆ. ಆಗ ಟೋಪಿಯನ್ನು ಕಡಲಿನ ನೀರಿನಲ್ಲಿ ಅದ್ದಿ ತಲೆಗೆ ಹಾಕಿಕೊಳ್ಳುವುದು, ಅಥವಾ ಕೌಶಲವಿದ್ದರೆ ಒಂದು ಸಲ ದೋಣಿಯೊಂದಿಗೆ ಉರುಳಿ ಏಳುವುದು ಬಟ್ಟೆ ಕಡಿಮೆ ಮಾಡುವುದಕ್ಕಿಂತ ಉತ್ತಮ ಉಪಾಯ.

ನೀರನ್ನು ತಡೆಯದೆ ಮೈಗಂಟಿ ನಿಲ್ಲುವ ರಬ್ಬರಿನಂಥ ವೆಟ್‌ಸೂಟ್ ಮಾತ್ರ ಇರುವವರು ಜುಲೈವರೆಗೆ ಕಾಯುವುದು, ಇಲ್ಲವೇ ದಡಕ್ಕೆ ತೀರ ಸಮೀಪದಲ್ಲಿ, ಆಳವಿಲ್ಲದ ಕೊಲ್ಲಿಗಳಲ್ಲಿ ಗುಂಪಿನೊಂದಿಗೆ ಇರುವುದು ಸೂಕ್ತ. ತೋಳಿಲ್ಲದ 3 ಮಿಲಿಮೀಟರ್ ವೆಟ್‌ಸೂಟ್ ಏಪ್ರಿಲ್‌ನ ತೆರೆದ ಕಡಲಿಗೆ ಸಾಲುವುದಿಲ್ಲ.

ಕೈಗಳ ಬಗ್ಗೆ ಪ್ರತ್ಯೇಕವಾಗಿ ಯೋಚಿಸಬೇಕು, ಏಕೆಂದರೆ ಪಾರಾಗುವ ಕೆಲಸವೆಲ್ಲ ಅವುಗಳದ್ದೇ. ಹುಟ್ಟಿಗೇ ಅಂಟಿಸಿಕೊಂಡು ಕೈ ತೂರಿಸುವ ಪೋಗಿ ಎಂಬ ಚೀಲಗಳು ಹುಟ್ಟುಹಾಕುವಾಗ ಬೆಚ್ಚಗಿರುತ್ತವೆ, ಬರಿಗೈಯ ಹಿಡಿತವನ್ನೂ ಉಳಿಸುತ್ತವೆ. ಆದರೆ ನೀರಿಗೆ ಬಿದ್ದ ಕೂಡಲೇ ಕೈ ಅವುಗಳಿಂದ ಹೊರಗೆ ಬಂದಿರುತ್ತದೆ. ಆದ್ದರಿಂದ ನಿಯೋಪ್ರೀನ್ ಕೈಗವಸಿನ ಒಂದು ಜೊತೆಯನ್ನು ತೇಲುವ ಜಾಕೆಟ್‌ನ ಜೇಬಿನಲ್ಲಿ ಇಟ್ಟಿರಬೇಕು. ಮನೆಯಲ್ಲಿ ಒಂದು ಬಕೆಟ್ ನೀರಿಗೆ ಮಂಜುಗಡ್ಡೆ ಹಾಕಿ, ಗವಸು ತೊಟ್ಟ ಕೈಯನ್ನು ಕೆಲವು ನಿಮಿಷ ಅದ್ದಿ, ನಂತರ ಜಾಕೆಟ್‌ನ ಬಕಲ್ ಹಾಕಿ ತೆಗೆದು, ರೇಡಿಯೋದ ತುರ್ತು ಗುಂಡಿಯ ಕೆಂಪು ಮುಚ್ಚಳ ಎತ್ತಿ ನೋಡಿ. ಆ ಗವಸು ನಿಮಗೆ ಸರಿಯೋ ಅಲ್ಲವೋ ಎಂಬುದು ಅಂಗಡಿಗಿಂತ ಚೆನ್ನಾಗಿ ಅಲ್ಲಿ ಗೊತ್ತಾಗುತ್ತದೆ.

ಜಾಕೆಟ್, ದೋಣಿ ಮತ್ತು ಸಲಕರಣೆ

ಕಯಾಕಿಗರು ತೊಡುವುದು ಬಾಯನ್ಸಿ ಏಡ್ ಎಂಬ ತೇಲುವ ಜಾಕೆಟ್. ವಯಸ್ಕರ ದೊಡ್ಡ ಅಳತೆಯಲ್ಲಿ ಅದಕ್ಕೆ ಕನಿಷ್ಠ 50 ನ್ಯೂಟನ್‌ನಷ್ಟು, ಅಂದರೆ ಸುಮಾರು 5 ಕಿಲೋ ಭಾರ ಎತ್ತುವಷ್ಟು, ತೇಲುಬಲ ಇರಬೇಕು. ಒಳಗಿನ ಫೋಮ್ ವರ್ಷಗಳು ಕಳೆದಂತೆ ಕುಗ್ಗುತ್ತದೆ, ಅದರಲ್ಲೂ ಕಾರಿನ ಡಿಕ್ಕಿಯಲ್ಲಿ ಭಾರದ ಸಾಮಾನಿನಡಿ ಒತ್ತಿಟ್ಟಿದ್ದರೆ. 5 ಕಿಲೋದ ಕಬ್ಬಿಣದ ತೂಕವನ್ನು ಜಾಕೆಟ್‌ಗೆ ಕಟ್ಟಿ ಆಳದ ನೀರಿಗೆ ಬಿಟ್ಟರೆ ಅದು ತೇಲಬೇಕು. ಮುಳುಗಿದರೆ ಅದರ ಕಾಲ ಮುಗಿದಿದೆ. ಅದನ್ನು ಬಿಗಿಯಾಗಿ ತೊಟ್ಟು, ಬೇರೊಬ್ಬರಿಂದ ಭುಜದ ಪಟ್ಟಿಗಳನ್ನು ಮೇಲಕ್ಕೆ ಎಳೆಸಿ ನೋಡಬೇಕು. ಕಿವಿಯವರೆಗೆ ಏರುವ ಜಾಕೆಟ್ ಮುಖವನ್ನು ನೀರಿನ ಮೇಲೆ ಇಡಲಾರದು.

ದೋಣಿಯ ಪರೀಕ್ಷೆಯಲ್ಲಿ ನಾನು ಹೆಚ್ಚು ಸಮಯ ಕೊಡುವುದು ಒಳಗಿನ ಅಡ್ಡಗೋಡೆಗಳಿಗೆ. ಸಮುದ್ರ ಕಯಾಕ್ ಮಗುಚಿದಾಗ ಮುಂದಿನ ಮತ್ತು ಹಿಂದಿನ ಕೋಣೆಗಳಲ್ಲಿರುವ ಗಾಳಿಯೇ ಅದನ್ನು ತೇಲಿಸುತ್ತದೆ. ಅಡ್ಡಗೋಡೆಯ ಅಂಟು ಬಿಟ್ಟಿದ್ದರೆ ಕೂರುವ ಜಾಗದ ನೀರು ಸದ್ದಿಲ್ಲದೆ ಹಿಂದಿನ ಕೋಣೆಗೆ ಸೇರಿ, ದೋಣಿಯ ಹಿಂಭಾಗ ಮುಳುಗಿ ಮೂತಿ ಮೇಲೇಳುತ್ತದೆ. ಹಾಗೆ ನಿಂತ ದೋಣಿಯೊಳಕ್ಕೆ ಯಾವ ವಿಧಾನದಿಂದಲೂ ಹತ್ತುವುದು ಬಲು ಕಷ್ಟ. ಹುಲ್ಲಿನ ಮೇಲೆ ಸಮವಾಗಿ ಇಟ್ಟ ದೋಣಿಯ ಕೂರುವ ಜಾಗಕ್ಕೆ ಕೆಲವು ಬಕೆಟ್ ನೀರು ಹಾಕಿ, ಅರ್ಧ ಗಂಟೆ ಬಿಟ್ಟು, ಕೋಣೆಯ ಬಾಯಿಯಾದ ಹ್ಯಾಚ್ ತೆರೆದು ಒಳಗೆ ಒಣ ಬಟ್ಟೆಯಿಂದ ಒತ್ತಿ ನೋಡಿದರೆ ಸಾಕು. ಹ್ಯಾಚ್‌ನ ರಬ್ಬರ್ ಮುಚ್ಚಳಗಳು ಬಿಸಿಲಿಗೆ ಬಿರಿದಿವೆಯೇ, ಅವುಗಳನ್ನು ದೋಣಿಗೆ ಕಟ್ಟಿರುವ ದಾರ ಗಟ್ಟಿಯಾಗಿದೆಯೇ, ದೋಣಿಯ ಸುತ್ತಲಿನ ಹಿಡಿಹಗ್ಗ ಎಲ್ಲಿಯೂ ಸವೆದಿಲ್ಲವೇ ಎಂದೂ ನೋಡಬೇಕು. ಹಿಂಬದಿಯ ತಳದಲ್ಲಿ ಇಳಿಬಿಡುವ ಸ್ಕೆಗ್ ಎಂಬ ರೆಕ್ಕೆಯ ಪೆಟ್ಟಿಗೆಯೊಳಗೆ ಸಣ್ಣ ಕಲ್ಲುಗಳು ಸಿಕ್ಕಿಕೊಳ್ಳುವುದು ಇಲ್ಲಿನ ಗರಸು ದಡಗಳಲ್ಲಿ ಪ್ರತಿದಿನದ ಸಮಸ್ಯೆ; ಸ್ಕೆಗ್‌ನ ತುದಿಗೆ ಒಂದು ಸಣ್ಣ ದಾರದ ಕುಣಿಕೆ ಕಟ್ಟಿದ್ದರೆ ಜೊತೆಗಾರರು ನೀರಿನ ಮೇಲೆಯೇ ಅದನ್ನು ಎಳೆದು ಬಿಡಿಸಬಹುದು. ಕಾಲೊತ್ತುವ ಪಟ್ಟಿಗಳ ಹಳಿಯಲ್ಲಿ ಉಪ್ಪು ಮತ್ತು ಮರಳು ಗಟ್ಟಿಯಾಗಿದ್ದರೆ ಬಿಸಿನೀರಿನಿಂದ ತೊಳೆದು ಸಿಲಿಕೋನ್ ಸಿಂಪಡಿಸಬೇಕು. ಸೊಂಟಕ್ಕೆ ತೊಟ್ಟು ದೋಣಿಯ ಕೂರುವ ಬಾಯಿಯನ್ನು ಮುಚ್ಚುವ ಸ್ಪ್ರೇಡೆಕ್ ಎಂಬ ಹೊದಿಕೆಯ ಮುಂದಿನ ಎಳೆಪಟ್ಟಿ ಭದ್ರವಾಗಿರಬೇಕು, ಪ್ರತಿ ಸಲವೂ ಹೊರಗೇ ಇರಬೇಕು. ಅದು ಒಳಗೆ ಸಿಕ್ಕಿದ್ದರೆ ಮಗುಚಿದ ದೋಣಿಯಿಂದ ಹೊರಬರುವ ದಾರಿಯೇ ಮುಚ್ಚಿದಂತೆ.

ಸಂಪರ್ಕ ಸಾಧನಗಳೆಲ್ಲ ಮೈಮೇಲೆ ಇರಬೇಕು, ದೋಣಿಯ ಮೇಲಲ್ಲ. ಗಾಳಿ ಇದ್ದಾಗ ಖಾಲಿ ಕಯಾಕ್ ಈಜುವವರಿಗಿಂತ ವೇಗವಾಗಿ ದೂರ ಸಾಗುತ್ತದೆ. ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ರೇಡಿಯೋ ಇದ್ದರೆ ಚಾನಲ್ 16ರಲ್ಲಿ ಕೋಸ್ಟ್‌ಗಾರ್ಡ್‌ಗೂ ಸುತ್ತಲಿನ ಹಡಗುಗಳಿಗೂ ಒಟ್ಟಿಗೇ ಕರೆ ತಲುಪುತ್ತದೆ. ಬ್ರಿಟನ್ನಿನಲ್ಲಿ ಇದನ್ನು ಬಳಸಲು ಶಾರ್ಟ್ ರೇಂಜ್ ಸರ್ಟಿಫಿಕೇಟ್ ಎಂಬ ಅರ್ಹತೆ ಬೇಕು, ಉಪಕರಣಕ್ಕೆ ಆಫ್‌ಕಾಮ್ ಸಂಸ್ಥೆಯ ಪರವಾನಗಿಯೂ ಬೇಕು. ಚಳಿಗಾಲದ ಒಂದು ವಾರಾಂತ್ಯವನ್ನು ಆ ತರಬೇತಿಗೆ ಕೊಡುವುದು ಸಾರ್ಥಕ. ಎತ್ತರದ ಬಂಡೆಗಳ ನಡುವೆ, ಲಾಕ್ ಎಂದು ಕರೆಯುವ ಉದ್ದನೆಯ ಒಳಗಡಲುಗಳಲ್ಲಿ ರೇಡಿಯೋ ತಲುಪದಿರಬಹುದು, ಮೊಬೈಲ್ ಸಿಗ್ನಲ್ ಇಲ್ಲದೆಯೂ ಇರಬಹುದು. ಅಂಥ ಕಡೆಗೆ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸಂಕೇತ ಕಳಿಸುವ ಪಿಎಲ್‌ಬಿ (ಪರ್ಸನಲ್ ಲೊಕೇಟರ್ ಬೀಕನ್) ಎಂಬ ಸಣ್ಣ ತುರ್ತು ಸಾಧನ ಬೇಕು. ಅದನ್ನು ಬ್ರಿಟನ್ನಿನ ಬೀಕನ್ ನೋಂದಣಿಯಲ್ಲಿ ದಾಖಲಿಸಿ, ತುರ್ತು ಸಂಪರ್ಕದ ಹೆಸರುಗಳು ಈಗಲೂ ಸರಿಯಾಗಿವೆಯೇ, ಬ್ಯಾಟರಿಯ ಮೇಲೆ ಮುದ್ರಿಸಿದ ದಿನಾಂಕ ಮೀರಿದೆಯೇ ಎಂದು ವರ್ಷಕ್ಕೊಮ್ಮೆ ನೋಡಬೇಕು.

ದೇಹ ಮತ್ತು ಅಭ್ಯಾಸ

ಭುಜಗಳು ಚಳಿಗಾಲದಲ್ಲಿ ಬಿಗಿದುಕೊಂಡಿರುತ್ತವೆ. ಹುಟ್ಟುಹಾಕುವ ಬಲ ತೋಳಿನಿಂದ ಬರದೆ ಸೊಂಟದ ತಿರುವಿನಿಂದ ಬರಬೇಕಾದ್ದರಿಂದ, ಬೆನ್ನು ಮತ್ತು ಹೊಟ್ಟೆಯ ಸ್ನಾಯುಗಳ ವ್ಯಾಯಾಮವನ್ನು ಎರಡು ತಿಂಗಳು ಮೊದಲೇ ಶುರುಮಾಡಿದರೆ ಒಳ್ಳೆಯದು. ಇದರ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಹೆಚ್ಚು ಹೇಳಬೇಕಾದ್ದು ಮರಳಿ ದೋಣಿ ಹತ್ತುವ ಅಭ್ಯಾಸದ ಬಗ್ಗೆ.

ಸ್ಕಾಟ್ಲೆಂಡಿನ ಹಲವು ಕಯಾಕ್ ಕ್ಲಬ್‌ಗಳು ಚಳಿಗಾಲದಲ್ಲಿ ಈಜುಕೊಳಗಳಲ್ಲಿ ಅಭ್ಯಾಸ ನಡೆಸುತ್ತವೆ; ಪ್ಯಾಡಲ್ ಸ್ಕಾಟ್ಲೆಂಡ್ ಎಂಬ ರಾಷ್ಟ್ರೀಯ ಸಂಸ್ಥೆಯ ಮೂಲಕ ಅವುಗಳನ್ನು ಹುಡುಕಬಹುದು. ಅಲ್ಲಿ ದೋಣಿಯೊಂದಿಗೇ ಉರುಳಿ ಏಳುವ ರೋಲ್ ಕಲಿಯುವುದು ಉತ್ತಮ, ಏಕೆಂದರೆ ದೋಣಿ ಬಿಡದೆ ಎದ್ದವರು ನೀರಿನಲ್ಲಿ ಇರುವುದೇ ಕೆಲವು ಕ್ಷಣ. ಆದರೆ ಬೆಚ್ಚನೆಯ ಕೊಳದಲ್ಲಿ ಬಂದ ರೋಲ್ 8 ಡಿಗ್ರಿಯ ಅಲೆಗಳ ನಡುವೆ ಬರುವುದೆಂದು ನಂಬಿ ಕೂರಬಾರದು. ಜೊತೆಗಾರರ ನೆರವಿನಿಂದ ಹತ್ತುವ ವಿಧಾನವನ್ನು ಇಬ್ಬರೂ ಮಾತಿಲ್ಲದೆ ಮಾಡುವಷ್ಟು ರೂಢಿಸಿಕೊಳ್ಳಬೇಕು: ನೀರಿಗೆ ಬಿದ್ದವರು ತಮ್ಮ ದೋಣಿಯನ್ನೂ ಹುಟ್ಟನ್ನೂ ಬಿಡದೆ ಹಿಡಿದಿರಬೇಕು, ನೆರವಿಗೆ ಬಂದವರು ಮಗುಚಿದ ದೋಣಿಯ ಮೂತಿಯನ್ನು ತಮ್ಮ ಮಡಿಲಿನ ಮೇಲೆ ಎಳೆದು, ನೀರು ಬಸಿದು ಹೋಗುವಂತೆ ಎತ್ತಿ, ನೆಟ್ಟಗೆ ತಿರುಗಿಸಿ, ತಮ್ಮ ದೋಣಿಗೆ ಒತ್ತಿ ಹಿಡಿಯಬೇಕು, ಬಿದ್ದವರು ಒಂದು ಹಿಮ್ಮಡಿಯನ್ನು ಕೂರುವ ಬಾಯಿಯೊಳಗೆ ಕೊಕ್ಕೆಯಂತೆ ಸಿಕ್ಕಿಸಿ, ಮೈಯನ್ನು ಹೊರಳಿಸಿ ಮೇಲೇರಬೇಕು. ಹಿಮ್ಮಡಿಯ ಈ ವಿಧಾನವನ್ನು ನಾನು ಬೇರೆಲ್ಲದಕ್ಕಿಂತ ಮೇಲೆ ಇಡುತ್ತೇನೆ, ಏಕೆಂದರೆ ತೋಳುಗಳು ಸೋತ ಹೊತ್ತಿನಲ್ಲಿ ಕಾಲಿನ ಬಲ ಉಳಿದಿರುತ್ತದೆ. ಒಂಟಿಯಾಗಿ ಹತ್ತುವುದಕ್ಕೆ ಹುಟ್ಟಿನ ತುದಿಗೆ ಗಾಳಿಚೀಲ ಕಟ್ಟುವ ಕ್ರಮವಿದೆ. ಅದನ್ನು ಕಲಿತಿರಬೇಕು, ಆದರೆ ವಸಂತದಲ್ಲಿ ಒಂಟಿಯಾಗಿ ಹೋಗಲು ಅದನ್ನು ನೆಪ ಮಾಡಿಕೊಳ್ಳಬಾರದು.

ಕೊಳದಲ್ಲಿ ಕಲಿತದ್ದನ್ನು ಮಾರ್ಚ್ ಕೊನೆಗೆ ನಿಜವಾದ ತಣ್ಣೀರಿನಲ್ಲಿ, ಎದೆಯಾಳದ ಜಾಗದಲ್ಲಿ, ದಡದಲ್ಲಿ ಒಣಬಟ್ಟೆಯೂ ಬಿಸಿ ಪಾನೀಯವೂ ಸಿದ್ಧವಿರುವಾಗ ಮಾಡಿ ನೋಡಬೇಕು. ಮೊದಲು ಪೂರ್ತಿ ಉಡುಪಿನೊಂದಿಗೆ ನಡೆದು ನೀರಿಗಿಳಿದು, ಕುಕ್ಕರಗಾಲಿನಲ್ಲಿ ಕೂತು, ಕುತ್ತಿಗೆಯ ಪಟ್ಟಿಯನ್ನು ಒಂದು ಬೆರಳಿನಿಂದ ಸಡಿಲಿಸಿ ಸೂಟ್‌ನೊಳಗಿನ ಹೆಚ್ಚಿನ ಗಾಳಿಯನ್ನು ಹೊರಗೆ ಬಿಡಿ. ನಂತರ ಕೆಲವು ನಿಮಿಷ ತೇಲುತ್ತಾ ಇದ್ದು ಎಲ್ಲಿ ಚಳಿ ಹತ್ತುತ್ತದೆ, ಎಲ್ಲಿ ಒದ್ದೆಯಾಗುತ್ತದೆ ಎಂದು ಗಮನಿಸಿ. ತಣ್ಣೀರಿನ ಮೊದಲ ಹೊಡೆತಕ್ಕೆ ದೇಹ ಒಗ್ಗಿಕೊಳ್ಳುತ್ತದೆ ಎಂಬುದನ್ನು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಮೈಕ್ ಟಿಪ್ಟನ್ ಮತ್ತು ಅವರ ಸಹೋದ್ಯೋಗಿಗಳ ಪ್ರಯೋಗಗಳು ತೋರಿಸಿವೆ. ಕೆಲವೇ ನಿಮಿಷಗಳ ಮುಳುಗುವಿಕೆಯನ್ನು ಐದಾರು ಸಲ ಮಾಡಿದರೂ ಏದುಸಿರು ಗಣನೀಯವಾಗಿ ತಗ್ಗುತ್ತದೆ. ಇದನ್ನು ಎಂದೂ ಒಬ್ಬರೇ ಮಾಡಬಾರದು, ಧುಮುಕಲೂ ಬಾರದು. ನಡೆದು ಇಳಿದು, ಉಸಿರನ್ನು ಉದ್ದಕ್ಕೆ ಹೊರಬಿಡುತ್ತಾ ಅದು ಹದಕ್ಕೆ ಬರುವವರೆಗೆ ಕಾಯುವುದನ್ನು ರೂಢಿಸಿಕೊಂಡವರಿಗೆ ಆಕಸ್ಮಿಕವಾಗಿ ಬಿದ್ದಾಗಲೂ ಆ ರೂಢಿ ನೆನಪಿಗೆ ಬರುತ್ತದೆ.

ಗುಂಪಿನಲ್ಲಿ ಯಾರಿಗಾದರೂ ನಡುಕ ಹತ್ತಿ, ಮಾತು ತೊದಲಿ, ಉತ್ತರ ತಡವಾಗಿ ಬರತೊಡಗಿದರೆ ಪ್ರವಾಸ ಅಲ್ಲಿಗೆ ಮುಗಿಯಿತೆಂದೇ ತಿಳಿಯಬೇಕು. ಹತ್ತಿರದ ದಡಕ್ಕೆ ಸೇರಿಸಿ, ಗಾಳಿ ತಡೆಯುವ ಗುಂಪುಡೇರೆಯೊಳಗೆ ಕೂರಿಸಿ, ಒದ್ದೆ ಬಟ್ಟೆ ತೆಗೆದು ಒಣಬಟ್ಟೆ ಹೊದಿಸಿ, ಎಚ್ಚರವಿದ್ದು ನುಂಗಲು ಸಾಧ್ಯವಿದ್ದರೆ ಬೆಚ್ಚನೆಯ ಸಿಹಿ ಪಾನೀಯ ಕೊಡಬೇಕು. ಕೈಕಾಲು ಉಜ್ಜಬಾರದು, ಮದ್ಯ ಕೊಡಬಾರದು, ಬೆಚ್ಚಗಾಗಲೆಂದು ಓಡಾಡಿಸಬಾರದು. ಪ್ರಜ್ಞೆ ಮಂಕಾಗಿದ್ದರೆ ಮಲಗಿಸಿ, ರೇಡಿಯೋದಲ್ಲಿ ಅಥವಾ 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಬೇಕೆಂದು ಹೇಳಬೇಕು.

ಉಬ್ಬರ, ಇಳಿತ, ಗಾಳಿ

ಈ ಕರಾವಳಿಯಲ್ಲಿ ನೀರಿನ ಏರಿಳಿತವು ನಮ್ಮ ಕರಾವಳಿಯದಕ್ಕಿಂತ ದೊಡ್ಡದು. ಹುಣ್ಣಿಮೆ, ಅಮಾವಾಸ್ಯೆಗಳ ಒಂದೆರಡು ದಿನಗಳ ನಂತರ ಬರುವ ದೊಡ್ಡ ಉಬ್ಬರದ ಕಾಲದಲ್ಲಿ ಓಬನ್ ಬಂದರಿನಲ್ಲಿ ನೀರು 3 ಮೀಟರ್‌ಗೂ ಹೆಚ್ಚು ಏರಿಳಿಯುತ್ತದೆ. ಉಬ್ಬರದಿಂದ ಇಳಿತಕ್ಕೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು ಕಾಲ ಹಿಡಿಯುತ್ತದೆ. ಆ ಅವಧಿಯ ಆರು ಭಾಗಗಳಲ್ಲಿ ನೀರು ಕ್ರಮವಾಗಿ ಹನ್ನೆರಡರಲ್ಲಿ 1, 2, 3, 3, 2, 1 ಪಾಲು ಚಲಿಸುತ್ತದೆ ಎಂಬ ಅಂದಾಜು ಸೂತ್ರ ಕಯಾಕಿಗರಿಗೆ ಬಾಯಿಪಾಠವಾಗಿರಬೇಕು. ಅಂದರೆ ನಡುವಿನ ಎರಡು ಗಂಟೆಗಳಲ್ಲಿ ಅರ್ಧದಷ್ಟು ನೀರು ಹರಿದುಹೋಗುತ್ತದೆ, ಇಕ್ಕಟ್ಟಾದ ಕಡೆಗಳಲ್ಲಿ ಅದು ನದಿಯಾಗುತ್ತದೆ.

ಸ್ಕೈ ದ್ವೀಪ ಮತ್ತು ಮುಖ್ಯ ಭೂಭಾಗದ ನಡುವಿನ ಕೈಲ್‌ರಿಯಾ ಜಲಸಂಧಿಯಲ್ಲಿ ದೊಡ್ಡ ಉಬ್ಬರದ ಹೊತ್ತಿನ ಹರಿವು ಸುಮಾರು 8 ನಾಟ್, ಅಂದರೆ ಗಂಟೆಗೆ ಸುಮಾರು 15 ಕಿಲೋಮೀಟರ್, ಮುಟ್ಟುತ್ತದೆ. ತುಂಬಿದ ಕಯಾಕನ್ನು ಹೆಚ್ಚು ಹೊತ್ತು ನಡೆಸಬಹುದಾದ ವೇಗ ಸುಮಾರು 3 ನಾಟ್. ಇದೊಂದು ಹೋಲಿಕೆಯೇ ಉಬ್ಬರದ ಪಟ್ಟಿಯನ್ನು ಓದಲು ಕಲಿಯದೆ ಹೊರಡಬಾರದು ಎಂಬುದಕ್ಕೆ ಸಾಕಷ್ಟು ಕಾರಣ. ಜುರಾ ಮತ್ತು ಸ್ಕಾರ್ಬಾ ದ್ವೀಪಗಳ ನಡುವಿನ ಕೊರಿವ್ರೆಕನ್ ಸುಳಿಯ ಹೆಸರು ಲೋಕಪ್ರಸಿದ್ಧ. ಓಬನ್ ಸಮೀಪದ ಕಾನೆಲ್ ಸೇತುವೆಯ ಕೆಳಗೆ, ಲಾಕ್ ಎಟಿವ್‌ನ ನೀರು ಬಂಡೆಯ ಹೊಸ್ತಿಲು ದಾಟಿ ಕಡಲಿಗೆ ಸುರಿಯುವ ಫಾಲ್ಸ್ ಆಫ್ ಲೋರಾ ಕೂಡ ಹಾಗೆಯೇ. ಋತುವಿನ ಆರಂಭದಲ್ಲಿ ಕಾನೆಲ್‌ನ ದಡದಲ್ಲಿ ನಿಂತು ಒಂದು ಇಳಿತವನ್ನು ಪೂರ್ತಿಯಾಗಿ ನೋಡುವುದನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಪಟ್ಟಿಯಲ್ಲಿನ ಅಂಕಿಗಳು ನೀರಿನಲ್ಲಿ ಹೇಗೆ ಕಾಣುತ್ತವೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ಉಬ್ಬರದ ಪಟ್ಟಿಗಳಲ್ಲಿ ಕೆಲವು ಗ್ರೀನ್‌ವಿಚ್ ಸಮಯವನ್ನೇ ಕೊಡುತ್ತವೆ. ಮಾರ್ಚ್ ತಿಂಗಳ ಕೊನೆಯ ಭಾನುವಾರದಿಂದ ಬೇಸಿಗೆ ಸಮಯ ಜಾರಿಯಾಗುವುದರಿಂದ ಅವಕ್ಕೆ 1 ಗಂಟೆ ಸೇರಿಸಬೇಕು. ವರ್ಷದ ಮೊದಲ ಪ್ರವಾಸಗಳಲ್ಲಿ ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ.

ಗಾಳಿಯ ವಿಷಯದಲ್ಲಿ ವಸಂತಕ್ಕೆ ತನ್ನದೇ ಆದ ಒಂದು ಬಲೆ ಇದೆ. ಇಲ್ಲಿ ವರ್ಷದ ಹೆಚ್ಚಿನ ಕಾಲ ಗಾಳಿ ನೈಋತ್ಯದಿಂದ ಬೀಸುತ್ತದೆ, ಮಳೆಯನ್ನೂ ತರುತ್ತದೆ. ವಸಂತದಲ್ಲಿ ಉತ್ತರದ ಕಡೆ ಅಧಿಕ ಒತ್ತಡ ನೆಲೆನಿಂತಾಗ ಪೂರ್ವದ ಒಣಗಾಳಿ ದಿನಗಟ್ಟಲೆ ಬೀಸುತ್ತದೆ, ಪಶ್ಚಿಮ ಕರಾವಳಿಯಲ್ಲಿ ಆಕಾಶ ಶುಭ್ರವಾಗಿರುತ್ತದೆ. ಆದರೆ ಪಶ್ಚಿಮಕ್ಕೆ ಮುಖಮಾಡಿದ ದಡದಲ್ಲಿ ಪೂರ್ವದ ಗಾಳಿ ಎಂದರೆ ನೆಲದಿಂದ ಕಡಲಿನತ್ತ ಬೀಸುವ ಗಾಳಿ. ದಡದ ಹತ್ತಿರ ಬೆಟ್ಟಗಳ ಮರೆಯಲ್ಲಿ ನೀರು ನಯವಾಗಿ ಕಾಣುತ್ತದೆ. ಸ್ವಲ್ಪ ಹೊರಗೆ ಹೋದ ಮೇಲೆ ಗಾಳಿ ಬೆನ್ನಿಗೆ ಹತ್ತಿ ದೋಣಿಯನ್ನು ಹೊರಕ್ಕೆ ನೂಕುತ್ತದೆ, ಅಲೆಗಳು ಹಿಂದಿನಿಂದ ನೋಡಿದಾಗ ಸಣ್ಣವಾಗಿಯೇ ತೋರುತ್ತವೆ, ಹಿಂತಿರುಗಿದಾಗ ಮಾತ್ರ ಎಷ್ಟು ಕಷ್ಟ ಎಂಬುದು ತಿಳಿಯುತ್ತದೆ. ಬಿಸಿಲು, ಕಡಲಿನತ್ತ ಬೀಸುವ ಗಾಳಿ ಮತ್ತು ಇನ್ನೂ ಚಳಿಗಾಲದಷ್ಟೇ ತಣ್ಣಗಿರುವ ನೀರು ಈ ಮೂರೂ ಒಂದೇ ದಿನ ಕೂಡಿಬರುವುದು ಏಪ್ರಿಲ್‌ನಲ್ಲಿ ಅಪರೂಪವಲ್ಲ. ಆದ್ದರಿಂದ ಬ್ರಿಟನ್ನಿನ ಹವಾಮಾನ ಸಂಸ್ಥೆಯಾದ ಮೆಟ್ ಆಫೀಸ್ ಪ್ರಕಟಿಸುವ ದಡಸಮೀಪದ ಕಡಲಿನ ಮುನ್ಸೂಚನೆಯಲ್ಲಿ ಗಾಳಿಯ ಬಲಕ್ಕಿಂತ ಮೊದಲು ಅದರ ದಿಕ್ಕನ್ನು ಓದಿ, ನಕ್ಷೆಯ ಮೇಲೆ ಬಾಣ ಬರೆದು ನೋಡಬೇಕು. ಬಲದ ವಿಷಯದಲ್ಲಿ, ಋತುವಿನ ಮೊದಲ ಪ್ರವಾಸಗಳಿಗೆ ಬೋಫೋರ್ಟ್ ಮಾಪನದ 3, ಅಂದರೆ 7ರಿಂದ 10 ನಾಟ್, ಮೇಲ್ಮಿತಿಯಾಗಿರಲಿ. 4 ಎಂದರೆ 11ರಿಂದ 16 ನಾಟ್. ಅನುಭವಿಗಳಿಗೆ ಅದು ಸಂತೋಷದ ಗಾಳಿ, ಆದರೆ ಆ ಗಾಳಿಯಲ್ಲಿ ಬಿದ್ದವರನ್ನು ಮತ್ತೆ ಹತ್ತಿಸುವ ಕೆಲಸಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ. ಗಾಳಿ ಮತ್ತು ಹರಿವು ಎದುರುಬದುರಾದ ಕಡೆ ಅಲೆಗಳು ಕಡಿದಾಗಿ ಏಳುತ್ತವೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಬೇಕು.

ಮೊದಲ ಪ್ರವಾಸ

ಮೊದಲ ದಿನಕ್ಕೆ ದಡ ಬಿಟ್ಟು ದೂರ ಹೋಗದ, ಎಲ್ಲಿ ಬೇಕಾದರೂ ಇಳಿಯಬಹುದಾದ ದಾರಿಯನ್ನು ಆರಿಸಬೇಕು. ಅರಿಸೇಗ್ ಬಳಿ ಕಡಲಲ್ಲಿ ಹರಡಿಕೊಂಡಿರುವ ಕಿರುಬಂಡೆಗಳ ಗುಂಪು ಇದಕ್ಕೆ ಹೇಳಿಮಾಡಿಸಿದಂತಿದೆ: ಚಿಪ್ಪುಗಳು ಪುಡಿಯಾಗಿ ಆದ ಬಿಳಿ ಮರಳು, ಅಲೆ ತಡೆಯುವ ಬಂಡೆಗಳು, ತಿರುಗಿ ಬರಲು ಹತ್ತಿರದ ದಡ. ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವಿನ ಕೆಲವು ದಾರಿಗಳು ಒಣಗುವುದರಿಂದ ಹೊರಡುವ ಮತ್ತು ಮರಳುವ ಸಮಯವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಲಾಕ್ ಮಾಯ್ಡಾರ್ಟ್ ಇನ್ನೊಂದು ಒಳ್ಳೆಯ ಜಾಗ. ಹಾಳು ಬಿದ್ದ ಟಿಯೊರಾಮ್ ಕೋಟೆಯ ಬಳಿಯಿಂದ ಹೊರಟು ದ್ವೀಪಗಳ ಮರೆಯಲ್ಲೇ ಸಾಗಬಹುದು. ಐಲೀನ್ ಶೋನಾ ದ್ವೀಪವನ್ನು ಸುತ್ತುವ ಆಸೆಯಿದ್ದರೆ ಉತ್ತರದ ಕಾಲುವೆಯಲ್ಲಿ ನೀರಿರುವ ಉಬ್ಬರದ ಹೊತ್ತನ್ನು ಹೊಂದಿಸಿಕೊಳ್ಳಬೇಕು, ಮತ್ತು ಪಶ್ಚಿಮದ ತುದಿ ತೆರೆದ ಕಡಲಿಗೆ ಒಡ್ಡಿಕೊಂಡಿದೆ ಎಂಬುದನ್ನು ಮರೆಯಬಾರದು.

2003ರ ಭೂಸುಧಾರಣಾ ಕಾಯಿದೆಯು ಸ್ಕಾಟ್ಲೆಂಡಿನಲ್ಲಿ ಹೆಚ್ಚಿನ ನೆಲ ಮತ್ತು ಒಳನಾಡಿನ ನೀರಿನಲ್ಲಿ ಜವಾಬ್ದಾರಿಯಿಂದ ಓಡಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಅದಕ್ಕೆ ಪ್ರತಿಯಾಗಿ ನಾವು ಪಾಲಿಸಬೇಕಾದ ನಡವಳಿಕೆಯೂ ಇದೆ. ವಸಂತವು ಕಡಲಹಕ್ಕಿಗಳು ನೆಲದ ಮೇಲೆ ಗೂಡುಕಟ್ಟುವ ಕಾಲ. ಹಕ್ಕಿಗಳು ತಲೆಯ ಮೇಲೆ ಕಿರುಚುತ್ತಾ ಸುತ್ತತೊಡಗಿದರೆ ಆ ಕಿರುದ್ವೀಪದಲ್ಲಿ ಇಳಿಯಬಾರದು. ಬಂಡೆಯ ಮೇಲೆ ಮಲಗಿದ ಸೀಲ್‌ಗಳು ತಲೆಯೆತ್ತಿ ನಮ್ಮನ್ನೇ ನೋಡತೊಡಗಿದರೆ ಆಗಲೇ ಹತ್ತಿರವಾಗಿದ್ದೇವೆಂದು ಅರ್ಥ, ಅವು ನೀರಿಗೆ ಧುಮುಕುವ ಮೊದಲೇ ದೂರ ಸರಿಯಬೇಕು.

ಹೊರಡುವ ಮೊದಲು ದಡದಲ್ಲಿ ಉಳಿಯುವ ಒಬ್ಬ ನಂಬಿಕೆಯ ವ್ಯಕ್ತಿಗೆ ಬರಹದಲ್ಲಿ ತಿಳಿಸಬೇಕಾದ್ದು ಇಷ್ಟು: ಎಷ್ಟು ಜನ, ದೋಣಿಗಳ ಮತ್ತು ಉಡುಪುಗಳ ಬಣ್ಣ ಯಾವುದು, ಎಲ್ಲಿಂದ ಎಲ್ಲಿಗೆ ಹೋಗುತ್ತೇವೆ, ಗಾಳಿ ಬದಲಾದರೆ ಎಲ್ಲಿ ಇಳಿಯುತ್ತೇವೆ, ಕಾರು ಎಲ್ಲಿ ನಿಂತಿದೆ, ಎಷ್ಟು ಗಂಟೆಗೆ ಮರಳುತ್ತೇವೆ, ಎಷ್ಟು ಗಂಟೆಯಾದರೂ ಸುದ್ದಿ ಬರದಿದ್ದರೆ 999ಕ್ಕೆ ಕರೆ ಮಾಡಬೇಕು. ಕೊನೆಯ ಎರಡು ಸಮಯಗಳ ನಡುವೆ ಸಾಕಷ್ಟು ಅಂತರವಿರಲಿ, ಏಕೆಂದರೆ ಗಡುವು ತೀರ ಬಿಗಿಯಾಗಿದ್ದರೆ ದಣಿದ ಗುಂಪು ಅದನ್ನು ಮುಟ್ಟಲೆಂದೇ ಅಡ್ಡದಾರಿ ಹಿಡಿಯುವ ಸಾಧ್ಯತೆಯಿದೆ. ದಡ ಸೇರಿದ ಕೂಡಲೇ, ಬಟ್ಟೆ ಬದಲಿಸುವುದಕ್ಕೂ ಮೊದಲು, ಆ ವ್ಯಕ್ತಿಗೆ ಮರಳಿದ ಸುದ್ದಿ ಮುಟ್ಟಿಸಬೇಕು. ಸಿಗ್ನಲ್ ಇಲ್ಲದ ದಡವಾದರೆ ಸುದ್ದಿ ಕಳಿಸಲು ಎಲ್ಲಿಯವರೆಗೆ ಕಾರು ಓಡಿಸಬೇಕು ಎಂಬುದನ್ನೂ ಬೆಳಿಗ್ಗೆಯೇ ನೋಡಿಟ್ಟುಕೊಂಡು, ಆ ಸಮಯವನ್ನೂ ಲೆಕ್ಕಕ್ಕೆ ಸೇರಿಸಿರಬೇಕು.